ಗಣಪಿಯ ಗಜನಿ

'ಡಾಕ್ಟರು ಭ್ರಮೆ ಎನ್ನುವ ಗಣಪಿಯ ಮಾತು ನನ್ನ ಕಿವಿಗೆ ನೆಟ್ಟಗೇ ಕೇಳುತ್ತದೆ. ಕೆಟ್ಟದ್ದು ಅವಳ ತಲೆಯೋ, ನನ್ನದೋ?'

ವನಮಾಲಾ ಡೈರಿಯಲ್ಲಿ ಹೀಗೆ ಬರೆದು, ಬರೆದದ್ದಕ್ಕೂ ಹೆದರಿ, ಪುಸ್ತಕವನ್ನು ಟ್ರಂಕಿನ ಸೀರೆಗಳಡಿಗೆ ತಳ್ಳಿ ಕೆಲಸಕ್ಕೆ ಹೊರಟಳು.

ಅರವತ್ಮೂರನೆಯ ಇಸವಿಯ ಮಳೆಗಾಲ. ಹೊನ್ನಾವರದ ಆ ಖಾಸಗಿ ಆಸ್ಪತ್ರೆಯಲ್ಲಿ ಮನಸ್ಸು ಕೆಟ್ಟ ಹೆಂಗಸರಿಗೆಂದು ಆರು ಮಂಚಗಳ ಒಂದು ಕೋಣೆಯಿತ್ತು. ಅವರ ತಲೆ ಬಾಚುವ, ಗಂಜಿ ಕುಡಿಸುವ, ಹೆದರಿದಾಗ ಕೈ ಹಿಡಿದು ಕೂರುವ ಆಯಾ ಕೆಲಸಕ್ಕೆ ಅವಳು ಸೇರಿ ಹತ್ತೊಂಬತ್ತು ದಿನ. ತಿಂಗಳು ತುಂಬಿದರೆ ಖಾಯಂ. ಏಳನೆಯ ತರಗತಿಯ ಮುಲ್ಕಿ ಪಾಸಾದವರು ಸಾಕು, ಹೆಚ್ಚು ಓದಿದವರು ಹೇಸಿಗೆ ಬಳಿಯುವುದಿಲ್ಲ ಎಂದು ಮ್ಯಾನೇಜರರು ಹೇಳಿದ್ದರಿಂದ, ಬಿ.ಎ. ಆದದ್ದನ್ನು ಅವಳು ಬಚ್ಚಿಟ್ಟಿದ್ದಳು. ನಾಲ್ಕು ಜನರೆದುರು ಬಾಯಿ ಒಣಗುವ ಅವಳಿಗೆ ಈ ಹೆಂಗಸರ ಪಕ್ಕದಲ್ಲಿ ಮಾತ್ರ ಉಸಿರು ಸಲೀಸಾಗಿ ಆಡುತ್ತಿತ್ತು. ಬೇರೆ ಕೆಲಸ ಅವಳಿಗೆ ಬೇಡವಾಗಿತ್ತು.

ಕಿಟಕಿ ಪಕ್ಕದ ಮಂಚದ ಗಣಪಿ ಕುಮಟಾ ಕಡೆಯವಳು. ಹೊಳೆ ಕಡಲು ಸೇರುವಲ್ಲಿ ಕಟ್ಟೆ ಕಟ್ಟಿ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ. ಕಟ್ಟೆ ಒಡೆದು ಪೈರು ಕೊಚ್ಚಿಹೋದಂದಿನಿಂದ ಅವಳಿಗೆ ನಿದ್ದೆಯಿಲ್ಲ.

"ಗಜನಿ ನನ್ನ ಮನೆ ತೆಗೀತು. ತಡೀಬೇಕು, ಬಿಡಿ ನನ್ನ!"

"ಬಿಡ್ವ ಮಾರಾಯ್ತಿ, ಮೊದ್ಲು ಗಂಜಿ ಕುಡಿ. ಹೊಟ್ಟೇಲಿ ಎಂತ ಇಲ್ದೆ ಮಣ್ಣು ಹೊರೂಕೆ ಆಗ್ತದ್ಯೆ?" ಎಂದು ಹಿರಿಯ ಆಯಾ ಹೊನ್ನಮ್ಮ ಎರಡು ಗುಟುಕು ಕುಡಿಸಿ, ವನಮಾಲಾಳತ್ತ ತಿರುಗಿದಳು. "ನೀ ಎಂತಕ್ಕೆ ತಂಗಿ ಕಂಬದಂಗೆ ನಿಂತಿದ್ದೆ? ಬಾಯಿಗೆ ಬೀಗ ಹಾಕ್ಕಂಡೇ ಹುಟ್ದವ್ಳಾ?"

ಅಷ್ಟರಲ್ಲಿ ಡಾಕ್ಟರು ಬಂದರು. ಮೈಸೂರು ಕಡೆಯವರು, ಬಂದು ಎರಡು ತಿಂಗಳು.

"ಯಾರಮ್ಮ ನಿಮ್ಮನೆ ಹಾಳು ಮಾಡಿದ್ದು?"

"ಗಜನಿ, ಒಡೆಯಾ. ಹೋದ ವರ್ಷನೂ ಹಂಗೇ ಆತು."

ಡಾಕ್ಟರು ಬರೆದುಕೊಂಡರು. "ನಾಳೆ ಧಾರವಾಡದ ದೊಡ್ಡಾಸ್ಪತ್ರೆಗೆ ಕಳಿಸಿಬಿಡೋಣ," ಎಂದು ಫೈಲನ್ನು ಸ್ಟೂಲಿನ ಮೇಲಿಟ್ಟು ಕೈ ತೊಳೆಯಲು ಹೋದರು.

ಗಾಳಿಗೆ ಹಾಳೆ ಹಾರತೊಡಗಿತು. ಅದುಮಿ ಹಿಡಿದ ವನಮಾಲಾಳ ಕಣ್ಣು ಇಂಗ್ಲಿಷ್ ಸಾಲುಗಳ ಮೇಲೆ ಬಿತ್ತು. ಘಜನಿಯ ಮಹಮ್ಮದ ದಂಡೆತ್ತಿ ಬಂದು ತನ್ನ ಮನೆ ಕೆಡವಿದನೆಂಬ ಗಟ್ಟಿ ಭ್ರಮೆ; ಅವನನ್ನು ತಡೆಯಲು ಹೊರಡುತ್ತಾಳೆ; ಬೀಗದೊಳಗೆ ಇಡತಕ್ಕದ್ದು.

ಮೊದಲು ನಗು ಬಂತು. ಆಮೇಲೆ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಹೊನ್ನಮ್ಮನಿಗೆ ಇಂಗ್ಲಿಷ್ ಬಾರದು, ಡಾಕ್ಟರಿಗೆ ಗಜನಿ ಗೊತ್ತಿಲ್ಲ. ಎರಡೂ ಬಲ್ಲವಳು ತಾನೊಬ್ಬಳೇ. ಬಾಯಿಬಿಟ್ಟರೆ ಬಿ.ಎ. ಹೊರಬೀಳುತ್ತದೆ, ಫೈಲು ಮುಟ್ಟಿದ ಆಯಾಳನ್ನು ಅಂದೇ ಮನೆಗೆ ಕಳಿಸುತ್ತಾರೆ. ಬಾಯಿ ಬಿಡದಿದ್ದರೆ, ಗಜನಿ ಎಂದರೇನೆಂದು ತಿಳಿಯದ ಘಟ್ಟದ ಮೇಲಿನ ಊರಲ್ಲಿ ಗಣಪಿ ಬೀಗದೊಳಗೆ ಕೂಗುತ್ತ ಕೂರುತ್ತಾಳೆ, ಎಷ್ಟು ವರ್ಷವೋ.

ಡಾಕ್ಟರು ಬಂದು ಸಹಿ ಹಾಕಲು ಪೆನ್ನಿನ ಟೋಪಿ ತೆಗೆದರು. "ಅವ್ಳ ಸೀರೆ ಗಂಟು ಕಟ್ಟು ತಂಗಿ," ಎಂದಳು ಹೊನ್ನಮ್ಮ.

ಗಣಪಿ ವನಮಾಲಾಳ ಮಣಿಕಟ್ಟು ಹಿಡಿದಳು. "ಧಾರವಾಡದಿಂದ ಗಜನಿ ಹತ್ರಾ ಆಗ್ತದ್ಯೆ ತಂಗಿ?"

ವನಮಾಲಾ ಡಾಕ್ಟರತ್ತ ತಿರುಗಿದಳು.

"ಡಾಕ್ಟ್ರೆ, ನೀವು ಇಂಗ್ಲಿಷಲ್ಲಿ ಬರ್ದದ್ದು ನಾ ಓದ್ದೆ. ಗಜನಿ ಅಂದ್ರೆ ಸುಲ್ತಾನ ಅಲ್ಲ, ಅವ್ಳ ಗದ್ದೆ."