ಹರಿಣಾಕ್ಷಿಯ ಮುನಿಸು

ಠಾಣೆ ಶಹರದ ಕೋಪರಿಯಲ್ಲಿ ತನ್ನ ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂತು ಗಿರಾಕಿಗಳ ಮುಖವನ್ನೆಲ್ಲ ಓದಬಲ್ಲ ಚೆನ್ನಯನಿಗೆ ಹೆಂಡತಿಯ ಮುಖ ಮಾತ್ರ ಅರ್ಥವಾಗದೆ ಹೋಯಿತು. ಮಳೆಗಾಲ ಮುಗಿದಾಗಿನಿಂದ ಹರಿಣಾಕ್ಷಿ ನಗುತ್ತಿರಲಿಲ್ಲ. ಏನು ಹೇಳಿದರೂ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು. ಯಾವುದೋ ಮಾತಿಗೆ ಮುನಿಸಿಕೊಂಡಿದ್ದಾಳೆಂದು ಬಗೆದ ಭೂಪ ಸೀರೆ ತಂದುಕೊಟ್ಟ. ನೆರಿಗೆ ಹಿಡಿಯುವಾಗ ಅವಳ ಬಲಗೈ ನಡುಗುವುದನ್ನು ಕಂಡಾಗಲೇ ಇದು ಬರೀ ಮುನಿಸಲ್ಲವೆಂದು ಅವನಿಗೆ ಹೊಳೆದದ್ದು. ಹೆಜ್ಜೆಯೂ ಗಿಡ್ಡವಾಗಿತ್ತು.

"ಪಾರ್ಕಿನ್ಸನ್ಸ್ ಇದು. ನನ್ನ ಭಾವನಿಗೂ ಹೀಗೇ ಸುರುವಾದದ್ದು. ಗುಣ ಆಗುವ ಕಾಯಿಲೆ ಅಲ್ಲ," ಎಂದಳು ಪಕ್ಕದ ಮನೆಯ ಬಾಲಮ್ಮ. ಸಮಾಧಾನ ಹೇಳುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಇನ್ನು ಈ ಮುಖ ನಗುವುದೇ ಇಲ್ಲವೇನೋ ಎಂದು ಚೆನ್ನಯ ಒಳಗೊಳಗೇ ಕುಸಿದ.

ಶಹರದ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ವೈಶಾಲಿ, ಧಾರವಾಡದ ಕಡೆಯವರು. ಹರಿಣಾಕ್ಷಿಯ ಮೊಣಕೈ ಮಡಚಿ ನೋಡಿ, ನಡೆಸಿ ನೋಡಿ, "ಬ್ಯಾರೆ ಏನರ ಔಷಧ ತಗೋತಾರೇನ್ರಿ?" ಎಂದು ಕೇಳಿದರು.

"ಎಂತದೂ ಇಲ್ಲ," ಎಂದ ಚೆನ್ನಯ.

ಅಷ್ಟರಲ್ಲಿ ಊಟದ ಹೊತ್ತಾಯಿತೆಂದು ಹರಿಣಾಕ್ಷಿ ಪರ್ಸಿನಿಂದ ಕ್ಯಾಪ್ಸೂಲ್ ತೆಗೆದಳು. ಡಾಕ್ಟರು ಕೈ ಹಿಡಿದರು.

"ಅದು ಮದ್ದಲ್ಲ ಡಾಕ್ಟ್ರೇ, ಗ್ಯಾಸಿಂದು," ಎಂದಳು ಅವಳು.

ಹೊಟ್ಟೆಗೇನೂ ಇಲ್ಲದೆ ಚಹಾ ಕುಡಿದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಹೋಟೆಲಿನವರಿಗೆ ಗ್ಯಾಸಿನ ಕ್ಯಾಪ್ಸೂಲ್ ಊಟದ ಮೇಲೆ ಬಾಯಿಗೆ ಹಾಕುವ ಬಡೇಸೋಪಿನ ಹಾಗೆ. ಹಿಂದೊಮ್ಮೆ ತನಗೆ ಬರೆದುಕೊಟ್ಟದ್ದನ್ನು ಚೆನ್ನಯನೇ ಅವಳಿಗೂ ಹಂಚಿದ್ದ. ಅವನು ಬಿಟ್ಟ, ಅವಳು ವರ್ಷಗಟ್ಟಲೆ ನುಂಗಿದಳು.

ಡಾಕ್ಟರು ಕ್ಯಾಪ್ಸೂಲಿನ ಪಟ್ಟಿಯ ಹಿಂಭಾಗ ಓದಿದರು. "ಮಿದುಳಿನ್ಯಾಗ ಡೋಪಮೈನ್ ಅಂತ ಒಂದು ರಸಾಯನ ಇರ್ತದ್ರಿ. ನಡಿ, ನಗು ಅನ್ನೋ ಸುದ್ದೀನ ಒಂದು ನರಕೋಶದಿಂದ ಇನ್ನೊಂದಕ್ಕ ಮುಟ್ಟಸೋದು ಅದ. ಪಾರ್ಕಿನ್ಸನ್ಸ್ ಬಂದ್ರ ಅದನ್ನ ಮಾಡೋ ಕೋಶಾನ ಸಾಯ್ತಾವ. ಇಲ್ಲಿ ಹಂಗಾಗಿಲ್ಲ ಅನಸ್ತದ. ಲೋಕಲ್ ಟ್ರೇನಿನ್ಯಾಗ ಇನ್ನೊಬ್ಬರ ಸೀಟು ಹಿಡದಂಗ, ಡೋಪಮೈನ್ ಕೂಡೋ ಜಾಗಾದಾಗ ಗ್ಯಾಸಿನ ಔಷಧದ ಜೋಡಿ ಇದರಾಗ ಸೇರ್ಸಿದ ಇನ್ನೊಂದು ಔಷಧ ಕುಂತದ. ಇವತ್ತ ನಿಲ್ಲಸ್ರಿ. ಪೂರಾ ಇಳಿಯಾಕ ತಿಂಗಳುಗಟ್ಟಲೆ ಕಾಯಬೇಕ್ರಿ."

ಕಾದರು. ನಡುಕ ಮೊದಲು ಇಳಿಯಿತು, ಆಮೇಲೆ ಹೆಜ್ಜೆ ಉದ್ದವಾಯಿತು. ಮುಖ ಮಾತ್ರ ಹಾಗೇ ಇತ್ತು. ಬಾಲಮ್ಮ ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬ ಹೆದರಿಕೆ ಚೆನ್ನಯನನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ಅವನು ಪೇಪರ್ ಓದುತ್ತ ಹಾಲು ಉಕ್ಕಿಸಿದ. ಹರಿಣಾಕ್ಷಿ ಹುಬ್ಬು ಗಂಟಿಕ್ಕಿ, ಕಣ್ಣರಳಿಸಿ, ತುಟಿ ಸೊಟ್ಟ ಮಾಡಿ ಎದುರಿಗೆ ನಿಂತಳು. "ಹಾಲು ನೋಡಿ ಅಂದ್ರೆ ನೀವು ಎಂತ ನೋಡುವುದು?"

ಎಷ್ಟು ಚೆಂದದ ಸಿಟ್ಟು. ಅವನು ನೋಡುತ್ತಲೇ ಇದ್ದ.

"ಇನ್ನೊಂದು ಸಲ ಬೈ ಮಾರಾಯ್ತಿ," ಎಂದ.

ಅವನ ಕಣ್ಣಲ್ಲಿ ನೀರು ಕಂಡು ಅವಳಿಗೆ ಬೈಯಲಾಗಲಿಲ್ಲ. "ನಿಮಗೆ ಮಂಡೆ ಸಮ ಇಲ್ಲ," ಎಂದು ನಕ್ಕಳು.