ಬಾನೆಟ್ಟಿನ ಮೇಲೆ ಗುರವ್ವನ ಕೈ

ನನ್ನ ಸಿಟ್ಟು ಕಲಘಟಗಿಗೆಲ್ಲ ಗೊತ್ತು. ಬಾಯಿ ತೆರೆಯುವ ಮೊದಲೇ ನನ್ನ ಮೂಗು ಕೆಂಪಾಗುತ್ತದೆ ಎಂದು ನನ್ನ ಗಂಡ ಯಾಕೂಬಸಾಬ ಮಂದಿಯ ಮುಂದೆ ಹೇಳಿ ನಗುತ್ತಾನೆ. ನಗಲಿ. ಆ ಸಿಟ್ಟು ಇಲ್ಲದಿದ್ದರೆ ಶಂಭುಲಿಂಗಪ್ಪ ಸಾಹುಕಾರರ ಕರಿ ಅಂಬಾಸಿಡರ್ ಕಾರು ಇವತ್ತಿಗೂ ಕಜ್ಜಿ ಎದ್ದ ಎಮ್ಮೆಯ ಹಾಗೆ ನಿಂತಿರುತ್ತಿತ್ತು. ಅವರ ತಾಯಿ ಗುರವ್ವ ಯಾವುದಕ್ಕೂ ಕೈ ಹಚ್ಚದೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದಳು.

ನಾನು ರಹೀಮಾಬಿ. ತೊಟ್ಟಿಲಿಗೆ ಪಾಲೀಶ್ ಮಾಡುವುದು ನನ್ನ ಕೆಲಸ. ಬಡಿಗೇರ ಮನೆಯವರು ಕಟ್ಟಿಗೆ ಕಡೆದು ಬಣ್ಣದ ಅರಗು ಹಚ್ಚಿ ಕೊಡುತ್ತಾರೆ. ಅದನ್ನು ಕೇದಿಗೆಯ ಗರಿಯಿಂದ ಉಜ್ಜಿ ಉಜ್ಜಿ ಕೂಸಿನ ಕೆನ್ನೆಯಷ್ಟು ನುಣುಪು ಮಾಡುವವಳು ನಾನು. ನನ್ನ ಗಂಡ ಹನ್ನೊಂದು ವರ್ಷ ಹುಬ್ಬಳ್ಳಿಯಲ್ಲಿ ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ದುಡಿದ. ಬಣ್ಣದ ಗಾಳಿ ಎದೆಗೆ ಹತ್ತಿ ಕೆಮ್ಮು ಹಿಡಿಯಿತು. ಇನ್ನು ಆ ಬಣ್ಣದ ಪಂಪು ಮುಟ್ಟಿದರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಊರಿಗೆ ಬಂದು ಅಂಗಡಿಗಳ ಬೋರ್ಡು ಬರೆಯುತ್ತ ಕುಳಿತ.

ಸಾಹುಕಾರರು ಆ ಕಾರನ್ನು ಎಂಬತ್ನಾಲ್ಕರಲ್ಲಿ ಬೆಳಗಾವಿಯ ಒಬ್ಬ ಡಾಕ್ಟರರಿಂದ ಕೊಂಡು ತಂದರು. ಎತ್ತು ಕಟ್ಟುವ ಸಾಲಿನ ತುದಿಯಲ್ಲೇ ಅದಕ್ಕೂ ಜಾಗ ಮಾಡಿದರು. ಮರುವರ್ಷ ಕಾರ ಹುಣ್ಣಿಮೆ ಬಂತು. ಗುರವ್ವ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಐವತ್ತು ವರ್ಷ, ಆ ಹಬ್ಬಕ್ಕೆ ಮನೆಯ ಪ್ರತಿ ಎತ್ತಿಗೂ ಆಕೆಯದೇ ಕೈ. ಸುಣ್ಣಕ್ಕೆ ಅರಿಷಿಣ ಕಲಸಿದರೆ ಕೆಂಪಾಗುತ್ತದಲ್ಲ, ಆ ಬಟ್ಟಲಲ್ಲಿ ಅಂಗೈ ಅದ್ದಿ ಎತ್ತಿನ ಮೈಮೇಲೆ ಒತ್ತುತ್ತಾಳೆ. ಆ ಕೈ ಬಿದ್ದ ಎತ್ತಿಗೆ ದೃಷ್ಟಿ ತಾಗುವುದಿಲ್ಲ ಎಂದು ಊರೆಲ್ಲ ನಂಬಿದೆ. ಆ ವರ್ಷ ಎತ್ತುಗಳೆಲ್ಲ ಮುಗಿದ ಮೇಲೂ ಬಟ್ಟಲಲ್ಲಿ ಇನ್ನಿಷ್ಟು ಉಳಿದಿತ್ತು. ಸಾಲಿನ ತುದಿಗೆ ಕಾರು ನಿಂತಿತ್ತು. ಇದೂ ನಮ್ಮ ಮನೆಯ ಹೊರೆ ಹೊರುತ್ತದೆ, ಇದಕ್ಕೇನು ಕಣ್ಣು ಬೀಳುವುದಿಲ್ಲವೇ ಎನ್ನುತ್ತ ಗುರವ್ವ ಅದರ ಬಾನೆಟ್ಟಿನ ಮೇಲೂ ಅಂಗೈ ಒತ್ತಿದಳು. ಆಗ ಸಾಹುಕಾರರೇ ನಕ್ಕರು.

ತಪ್ಪಾದದ್ದು ಅಲ್ಲಿ ಅಲ್ಲ, ಆಮೇಲೆ. ಎತ್ತಿನ ಮೇಲಿನ ಕೈ ಗುರುತನ್ನು ನಮ್ಮಲ್ಲಿ ಯಾರೂ ತೊಳೆಯುವುದಿಲ್ಲ, ಅದು ತಾನಾಗಿ ಹೋಗಬೇಕು. ಕಾರಿನ ಮೇಲಿನದನ್ನೂ ಹಾಗೇ ಬಿಟ್ಟರು. ಎತ್ತಿನ ಕೂದಲು ಉದುರುತ್ತದೆ, ಹೊಸದು ಬರುತ್ತದೆ. ಕಾರಿನ ಬಣ್ಣ ಹಾಗಲ್ಲ. ಎಂಟು ದಿನ ಬಿಸಿಲಲ್ಲಿ ನಿಂತ ಮೇಲೆ ಡ್ರೈವರ್ ಹುಲಿಗೆಪ್ಪ ತೊಳೆದು ನೋಡಿದರೆ ಕೆಂಪು ಹೋಗಿತ್ತು, ಕೈ ಉಳಿದಿತ್ತು. ಸುಣ್ಣ ಬಣ್ಣವನ್ನೇ ತಿಂದು ಬೂದಿ ಬಣ್ಣದ ಐದು ಬೆರಳು ಅಲ್ಲಿ ಒಳಗಿಳಿದು ಕುಳಿತಿದ್ದವು.

ಹುಬ್ಬಳ್ಳಿಯ ಅಡತಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದರೆ, ದೆವ್ವ ಏನಾದರೂ ಅಡ್ಡ ಬಂದಿತ್ತೇ ಎಂದು ಮಂದಿ ಕೇಳತೊಡಗಿದರು. ಒಂದು ದಿನ ಬೀಗರೂ ಕೇಳಿದರು. ಸಾಹುಕಾರರಿಗೆ ರೇಗಿತು. ಬೀಗರ ಎದುರಿಗೇ ತಾಯಿಗೆ ಅಂದುಬಿಟ್ಟರು:

“ಎತ್ತಿಗೂ ಕಾರಿಗೂ ಫರಕ ತಿಳೀದ ಕೈ ಅದು. ಇನ್ನ ಮ್ಯಾಲೆ ಯಾವುದಕ್ಕೂ ಹಚ್ಚಬ್ಯಾಡವಾ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹುಕಾರರು ಕೆಟ್ಟವರಲ್ಲ, ಮರುದಿನವೇ ಮನಸ್ಸಿಗೆ ಕೆಡುಕೆನಿಸಿತ್ತು, ಆದರೆ ತಪ್ಪಾಯಿತು ಎನ್ನುವ ನಾಲಿಗೆಯನ್ನು ದೇವರು ಅವರಿಗೆ ಕೊಟ್ಟಿರಲಿಲ್ಲ. ಗುರವ್ವ ಆ ಕಾರು ಹತ್ತುವುದನ್ನು ಬಿಟ್ಟಳು. ಕಣ್ಣು ತೋರಿಸಲು ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದಳು, ಆ ಮೊಣಕಾಲು ನೋವಿನಲ್ಲಿ.

ಮುಂದಿನ ಕಾರ ಹುಣ್ಣಿಮೆಗೆ ಇನ್ನು ಆರು ದಿನ ಇರುವಾಗ, ಸಾಹುಕಾರರ ಮೊಮ್ಮಗಳಿಗೆಂದು ಮಾಡಿದ ತೊಟ್ಟಿಲು ಒಪ್ಪಿಸಲು ನಾನು ಅವರ ಮನೆಗೆ ಹೋದೆ. ಸುಣ್ಣ ನೆನೆಹಾಕಿದ್ದೀರೇನು ಎಂದು ಗುರವ್ವನನ್ನು ಕೇಳಿದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. “ಈ ವರ್ಷ ಎತ್ತಿಗೂ ನಾ ಕೈ ಹಚ್ಚೂದಿಲ್ಲವಾ ರಹೀಮಾ. ಆಳು ಮಂದಿ ಅದಾರ, ಹಚ್ಚತಾರ” ಎಂದಳು.

ನನ್ನ ಮೊದಲ ಬಾಣಂತನದಲ್ಲಿ ಮೈ ಕೆಂಡವಾಗಿ ನಾನು ಹೋದೆನೆಂದೇ ಎಲ್ಲರೂ ಕೈಬಿಟ್ಟಾಗ ಮೂರು ದಿನ ನನ್ನ ಹಣೆಯ ಮೇಲಿದ್ದ ಕೈ ಅದು. ಅದನ್ನು ಆಕೆ ಕದ್ದ ಮಾಲಿನ ಹಾಗೆ ಮುಚ್ಚಿಕೊಂಡದ್ದು ನೋಡಿ ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ನೆಟ್ಟಗೆ ಪಡಸಾಲೆಗೆ ಹೋಗಿ ಸಾಹುಕಾರರ ಮುಂದೆ ನಿಂತೆ.

“ಆ ಗುರ್ತು ನಾ ತಗೀತೇನ್ರಿ. ತಗದ್ರ, ನೀವು ಅವ್ವಾರ ಕೈ ಹಿಡದು ಕಾರಿನ ಹಂತೇಕ ಕರಕೊಂಡು ಬರಬೇಕು.”

ಪೂರಾ ಬಾನೆಟ್ಟಿನ ಬಣ್ಣ ತೆಗೆದು ಹೊಸದಾಗಿ ಹೊಡೆಯದೆ ಅದು ಹೋಗುವುದಿಲ್ಲ ಎಂದು ಹುಬ್ಬಳ್ಳಿಯವರೇ ಹೇಳಿದ್ದಾರೆ, ನೀನು ಕೆಡಿಸಿದರೆ ಏನು ಗತಿ ಎಂದರು. ಕೆಡಿಸಿದರೆ ನನ್ನ ಗಂಡ ಹೊಸ ಬಣ್ಣ ಹೊಡೆದು ಕೊಡುತ್ತಾನೆ ಎಂದುಬಿಟ್ಟೆ. ಹಾಗಾದರೆ ಆಗಲಿ, ಅವ್ವನನ್ನು ನಾನೇ ಕರೆತರುತ್ತೇನೆ ಎಂದು ಸಾಹುಕಾರರು ಮಾತು ಕೊಟ್ಟರು. ಹಾದಿಯಲ್ಲಿ ಬರುವಾಗ ಡಾಕ್ಟರ ಮಾತು ನೆನಪಾಯಿತು.

ಯಾಕೂಬಸಾಬ ಬಯ್ಯಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಮೂರು ಡಬ್ಬಿ ತಂದು ನನ್ನ ಮುಂದೆ ಸಾಲಾಗಿ ಇಟ್ಟ. ಒಂದರಲ್ಲಿ ಕಂಪೌಂಡು, ಅಂದರೆ ಸಣ್ಣ ರವೆಯಂತೆ ತಿಕ್ಕುವ ಹಿಟ್ಟು. ಎರಡನೆಯದರಲ್ಲಿ ಬೆಣ್ಣೆಯಂಥ ನುಣುಪು ಪಾಲೀಶು. ಮೂರನೆಯದರಲ್ಲಿ ಮೇಣ. ಮೊದಲಿನ ಎರಡು ತೆಗೆಯುವುದಕ್ಕೆ, ಮೂರನೆಯದು ಕಾಯುವುದಕ್ಕೆ, ಅವಸರದವರು ನೇರ ಮೂರನೆಯದಕ್ಕೇ ಕೈ ಹಾಕುತ್ತಾರೆ ಎಂದ. “ಹೊಲಸಿನ ಮ್ಯಾಲೆ ಮೇಣ ಹಚ್ಚಿದ್ರ ಹೊಲಸ ಹೊಳೀತದ, ತಿಳೀತಿಲ್ಲೋ?”

ಕಾರನ್ನು ನೆರಳಿಗೆ ತಳ್ಳಿಸಿ ಕೆಲಸ ಹಿಡಿದೆವು. ಮೊದಲು ಹುಲಿಗೆಪ್ಪನ ಭಕ್ತಿಯನ್ನು ತೊಳೆಯಬೇಕಾಯಿತು. ಆತ ದಿನಾ ಬೆಳಗ್ಗೆ ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಕಾರು ಒರೆಸುತ್ತಿದ್ದ. ಅರ್ಧ ತಾಸು ಮಿಂಚುತ್ತಿತ್ತು, ಆಮೇಲೆ ಕಲಘಟಗಿಯ ಧೂಳೆಲ್ಲ ಬಂದು ಅದಕ್ಕೇ ಅಂಟುತ್ತಿತ್ತು, ಮರುದಿನ ಆ ಧೂಳಿನ ಮೇಲೆ ಮತ್ತೆ ಅದೇ ಅರಿವೆ. ಮಂತ್ರಕ್ಕಿಂತ ಉಗುಳೇ ಹೆಚ್ಚು. ಸೋಪಿನ ನೀರಿನಲ್ಲಿ ಮೂರು ಸಲ ತೊಳೆದೆ. ಗುರುತಿನ ಮೇಲೆ ಹುಣಸೆಹುಳಿಯ ನೀರು ಸವರಿ ಸುಣ್ಣದ ಕಡಿತ ಮುರಿದು ಮತ್ತೆ ತೊಳೆದೆ. ಆಮೇಲೆ ಒದ್ದೆ ಅರಿವೆಗೆ ಕಂಪೌಂಡು ತೆಗೆದುಕೊಂಡು, ಗಿರಕಿ ಹೊಡೆಸದೆ, ಉದ್ದುದ್ದಕ್ಕೆ ತಿಕ್ಕಲು ಹಿಡಿದೆ.

ಅರಿವೆ ಕಪ್ಪಾಯಿತು. ಹುಲಿಗೆಪ್ಪ ಅದನ್ನು ನೋಡಿದವನೇ, ಈಕೆ ಬಣ್ಣವನ್ನೇ ಕಿತ್ತು ತೆಗೆಯುತ್ತಿದ್ದಾಳೆ ಎನ್ನುತ್ತ ಪಡಸಾಲೆಗೆ ಓಡಿದ. ಸಾಹುಕಾರರು ಊಟ ಬಿಟ್ಟು ಎಂಜಲು ಕೈಯಲ್ಲೇ ಬಂದರು. ಹೋಗುತ್ತಿರುವುದು ಸತ್ತ ಬಣ್ಣ, ಜೀವ ಇರುವುದು ಕೆಳಗಿದೆ, ಅದು ಕಾಣಬೇಕಾದರೆ ಇದು ಹೋಗಲೇಬೇಕು ಎಂದು ನಾನು ತಲೆ ಎತ್ತದೆ ಹೇಳಿದೆ. ತೊಟ್ಟಿಲಿನವರಿಗೆ ಕಾರಿನ ಸಂಗತಿ ಏನು ಗೊತ್ತು ಎಂದು ಹುಲಿಗೆಪ್ಪ ಗೊಣಗಿದ. ಅವನ ಸೀಮೆಎಣ್ಣೆ ಅರಿವೆಯನ್ನು ಅವನ ಹೆಗಲ ಮೇಲೇ ಹಾಕಿ, ಇದನ್ನು ನಿನ್ನ ಮುಖಕ್ಕೆ ಒಂದು ವರ್ಷ ಹಚ್ಚಿಕೋ, ಆಮೇಲೆ ಮಾತಾಡೋಣ ಎಂದೆ. ಸಾಹುಕಾರರು ಕೈ ತೊಳೆಯಲು ಹೋದರು.

ಎರಡನೆಯ ದಿನ ಸಂಜೆಗೆ ಅಂಗೈ ಹೋಯಿತು, ಹೆಬ್ಬೆರಳು ಹೋಯಿತು, ಬೇರೆ ಮೂರು ಬೆರಳೂ ಹೋದವು. ನಡುಬೆರಳು ಮಾತ್ರ ಹೋಗಲಿಲ್ಲ. ಅದು ಬಾನೆಟ್ಟಿನ ನಡುವೆ ಉಬ್ಬಿದ ಏಣಿನ ಮೇಲೆ ಬಿದ್ದಿತ್ತು, ಅಲ್ಲಿ ಬಣ್ಣ ಮೊದಲೇ ತೆಳುವು. ಯಾಕೂಬಸಾಬ ಬಗ್ಗಿ ನೋಡಿ ನನ್ನ ಮಣಿಕಟ್ಟು ಹಿಡಿದ. ಇನ್ನು ನಾಲ್ಕು ಸಲ ತಿಕ್ಕಿದರೆ ಕೆಳಗಿನ ಕೆಂಪು ಅಸ್ತರು ಹೊರಗೆ ಬರುತ್ತದೆ, ಆಗ ಪಂಪು ಹಿಡಿಯದೆ ಬೇರೆ ದಾರಿ ಇಲ್ಲ ಎಂದ. ಹೇಳುತ್ತಿರುವಾಗಲೇ ಆತನಿಗೆ ಕೆಮ್ಮು ಬಂತು.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಆ ಬೆರಳಿನ ಮೇಲೂ ಬಂತು. ರಾತ್ರಿ ನಿದ್ದೆ ಬೀಳಲಿಲ್ಲ. ಬೆಳಗ್ಗೆ ಹೋದವಳೇ ಕಣ್ಣು ಮುಚ್ಚಿ ಬೆರಳ ತುದಿಯನ್ನು ಆ ಗುರುತಿನ ಮೇಲೆ ಹರಿಸಿದೆ. ತೊಟ್ಟಿಲಿನ ಅರಗಿನಲ್ಲಿ ಗೆರೆ ಇದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಇದರ ಅಂಚು ಒಂದು ಕೂದಲೆಳೆಯಷ್ಟೇ ಉಳಿದಿತ್ತು. ಕಂಪೌಂಡಿನ ಡಬ್ಬಿ ಮುಚ್ಚಿಬಿಟ್ಟೆ. ಅರಿವೆಯನ್ನೂ ಬಿಟ್ಟೆ. ಅರಿವೆಗೆ ಒತ್ತುವುದಷ್ಟೇ ಗೊತ್ತು, ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ. ಎರಡನೆಯ ಡಬ್ಬಿಯ ಪಾಲೀಶನ್ನು ಒಂದು ಕಾಳಿನಷ್ಟು ತೆಗೆದುಕೊಂಡು ಬರಿ ಅಂಗೈಯಿಂದಲೇ ಸವರುತ್ತ ಹೋದೆ. ನನ್ನ ಗಂಡ ಬಾಜೂ ಕುಳಿತು ಹನಿಹನಿ ನೀರು ಚಿಮುಕಿಸುತ್ತಿದ್ದ. ಎರಡು ತಾಸು ಹಾಗೇ ನಡೆಯಿತು. ಕಡೆಗೊಮ್ಮೆ ಒರೆಸಿ ನೋಡಿದರೆ ಅಲ್ಲಿ ಬೆರಳಿರಲಿಲ್ಲ, ನನ್ನ ಮುಖ ಇತ್ತು. ಮೂಗು ನಿಜವಾಗಿಯೂ ಕೆಂಪಗಿತ್ತು.

ಆಮೇಲೆ ಇಡೀ ಕಾರಿಗೆ ಪಾಲೀಶು, ಅದರ ಮೇಲೆ ಮೇಣ. ತೆಳ್ಳಗೆ ಹಚ್ಚಿ, ಮಬ್ಬಾಗುವ ತನಕ ಆರಲು ಬಿಟ್ಟು, ಹಳೇ ಧೋತರದಿಂದ ಒರೆಸಿದೆ. ಮರುದಿನ ಇನ್ನೊಂದು ಸಲ. ಯಾಕೂಬಸಾಬ ಒಂದು ಚೊಂಬು ನೀರು ಸುರಿದ. ಕೆಸುವಿನ ಎಲೆಯ ಮೇಲೆ ಬಿದ್ದಂತೆ ಹನಿಗಳು ಉರುಳಿ ಇಳಿದವು. ಓಣಿಯ ಮಂದಿಯೆಲ್ಲ ಬಂದು ಅದರಲ್ಲಿ ಮುಖ ನೋಡಿಕೊಂಡು ಹೋದರು. ಹುಲಿಗೆಪ್ಪ ಮೀಸೆ ತಿದ್ದಿಕೊಂಡ.

ಕಾರ ಹುಣ್ಣಿಮೆಯ ದಿನ ಬೆಳಗ್ಗೆ ಸಾಹುಕಾರರು ಕೊಟ್ಟ ಮಾತಿನಂತೆ ತಾಯಿಯ ಕೈ ಹಿಡಿದು ಕರೆತಂದರು. ಗುರವ್ವ ನೋಡಿದಳು. “ಹೋತಲ್ಲ. ಚಲೋ ಆತು” ಎಂದಳು. ಎಂದವಳೇ ಮಗನ ಕೈ ಬಿಡಿಸಿಕೊಂಡು ಹೋಗಿ ಕಟ್ಟೆಯ ಮೇಲೆ ಕುಳಿತು ಮತ್ತೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಎತ್ತುಗಳು ಮೈ ತೊಳೆಸಿಕೊಂಡು ಬರಿ ಮೈಯಲ್ಲಿ ಸಾಲಾಗಿ ನಿಂತಿದ್ದವು.

ಗುರುತು ಹೋಗಿತ್ತು, ಕೈ ಇನ್ನೂ ಬಂದಿರಲಿಲ್ಲ. ಐದು ದಿನ ನಾನು ತಿಕ್ಕಿದ್ದು ಬರಿ ಕಾರನ್ನೇ? ಆಳು ಮಗ ಎತ್ತಿಗೆಂದು ಕಲಸಿಟ್ಟ ಕೆಂಪು ಬಟ್ಟಲನ್ನು ಎತ್ತಿಕೊಂಡು ಹೋಗಿ ಬಾನೆಟ್ಟಿನ ಮುಂದೆ ಹಿಡಿದು ನಿಂತೆ.

“ಅವ್ವಾರ, ಬರ್ರಿ. ಇದರ ಮ್ಯಾಲೆನ ಹಚ್ಚರಿ.”

ಹುಲಿಗೆಪ್ಪ ತಲೆಯ ಮೇಲೆ ಕೈ ಹೊತ್ತ. ನಾನು ಸಾಹುಕಾರರ ಕಡೆ ತಿರುಗಿ, ಮೂರನೆಯ ಡಬ್ಬಿ ಇರುವುದು ಯಾತಕ್ಕೆ ಎಂದು ಕೇಳಿದೆ. ಬಣ್ಣದ ಮೇಲೆ ಈಗ ಮೇಣದ ಪದರ ಇದೆ, ಸುಣ್ಣ ಕಡಿದರೆ ಮೊದಲು ಅದನ್ನು ಕಡಿಯಬೇಕು, ಸಂಜೆ ತನಕ ನೆರಳಲ್ಲಿರಲಿ, ಆಮೇಲೆ ತೊಳೆಯುವುದು ನನ್ನ ಪಾಲಿಗೆ ಎಂದೆ.

ಗುರವ್ವ ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದಳು. ಅಂಗಳದಲ್ಲಿದ್ದವರೆಲ್ಲ ಮಗನನ್ನೇ ನೋಡಿದರು. ಸಾಹುಕಾರರು ಹೊಳೆಯುವ ಕಾರನ್ನು ಒಮ್ಮೆ ನೋಡಿ, ಕಟ್ಟೆಯ ಹತ್ತಿರ ಹೋಗಿ ತಾಯಿಯ ಸೆರಗಿನೊಳಗಿಂದ ಆ ಕೈಯನ್ನು ತಾವೇ ಹೊರಗೆ ತೆಗೆದರು. ಕರೆತಂದು ನಾನು ಹಿಡಿದಿದ್ದ ಬಟ್ಟಲಲ್ಲಿ ತಾವೇ ಅದ್ದಿದರು.

“ನಾ ಅಂದದ್ದು ತಪ್ಪಾತವಾ. ಹಚ್ಚು.”

ಆಕೆ ಹಚ್ಚಿದಳು. ಮೊದಲಿದ್ದ ಜಾಗದಲ್ಲೇ, ಐದೂ ಬೆರಳು ಅಗಲಿಸಿ. ಆಮೇಲೆ ಎತ್ತುಗಳ ಸಾಲಿಗೆ ಹೋದಳು. ಆ ಮೊಣಕಾಲು ನೋವೆಲ್ಲ ಎಲ್ಲಿ ಹೋಯಿತೋ, ಕಡೆಯ ಎತ್ತು ಮುಗಿಯುವ ತನಕ ಕುಳಿತುಕೊಳ್ಳಲಿಲ್ಲ.

ಸಂಜೆ ಊರ ಅಗಸೆಗೆ ಕಟ್ಟಿದ ಕರಿಯ ತೋರಣದ ಕೆಳಗೆ ಓಡಿ, ಕರಿ ಹರಿದು ಎತ್ತುಗಳು ಮನೆಗೆ ಬಂದ ಮೇಲೆ ಅಂಗಳದ ತುಂಬ ಮಂದಿ ಸೇರಿದರು. ಬಾನೆಟ್ಟಿನ ಮೇಲೆ ಕೆಂಪು ಒಣಗಿ ಬಿರುಕು ಬಿಟ್ಟಿತ್ತು. ಹುಲಿಗೆಪ್ಪ ನೀರಿನ ಕೊಡ ತಂದವನು ಅತ್ತ ಮುಖ ತಿರುಗಿಸಿ ನಿಂತ. ನಾನು ನೀರು ಸುರಿದು, ಒದ್ದೆ ಅರಿವೆಯನ್ನು ಗುರವ್ವನ ಕೈಗೇ ಕೊಟ್ಟೆ. ಆಕೆ ಮೆಲ್ಲಗೆ ಒಂದು ಸಲ ಸವರಿದಳು. ಕೆಂಪೆಲ್ಲ ಅರಿವೆಗೆ ಬಂತು. ಕೆಳಗೆ ಕಪ್ಪಗೆ ಮಿಂಚುತ್ತಿತ್ತು, ಒಂದು ಉಗುರಿನ ಗುರುತೂ ಇಲ್ಲ. ಯಾರೋ ಸಿಳ್ಳು ಹೊಡೆದರು. ನನ್ನ ಗಂಡ ಕೆಮ್ಮದೆ, ಗಂಟಲು ತುಂಬ ನಕ್ಕ. ನಾನು ಅತ್ತುಬಿಟ್ಟೆ, ಅದನ್ನೇನು ಮುಚ್ಚಿಡುವುದು.

ಗುರವ್ವ ಬಗ್ಗಿ ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಂಡು ಹಣೆಯ ವಿಭೂತಿ ಸರಿ ಮಾಡಿಕೊಂಡಳು. ಆಮೇಲೆ ತಾನೇ ಹಿಂದಿನ ಬಾಗಿಲು ತೆಗೆದು, ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಕುಳಿತಳು.

“ಹುಲಿಗೆಪ್ಪಾ, ಗಾಡಿ ಹೂಡು. ರಹೀಮಾನ್ನ ಮನೀಗಿ ಬಿಟ್ಟು ಬರೂಣು.”

ನಮ್ಮ ಮನೆ ಅಲ್ಲಿಂದ ನಾಲ್ಕನೆಯದು. ಹುಲಿಗೆಪ್ಪ ಬಸ್‌ಸ್ಟ್ಯಾಂಡ್ ಸುತ್ತಿ, ಸಂತೆ ಬಯಲು ಸುತ್ತಿ, ಊರ ಕೆರೆಯ ತನಕ ಹೋಗಿ ನನ್ನನ್ನು ಮನೆಗೆ ತಂದು ಬಿಟ್ಟ.