ಹೊಗೆ ಹೋದ ಕಡೆ

ಮರುದಿನ ಬೆಳಿಗ್ಗೆ ನನ್ನ ಭಾವಮೈದುನ ಯೋರಿಸ್ ನೌಕಾಮಂಡಳಿಯ ಮುಂದೆ ನಿಲ್ಲಬೇಕಿತ್ತು. ಇಂಗ್ಲಿಷರೊಡನೆ ಕದನದ ನಡುವೆ ತನ್ನ ಹಡಗಿನ ತೋಪಿನ ಕಿಂಡಿಗಳನ್ನು ಮುಚ್ಚಿಕೊಂಡು ದೂರ ನಿಂತುಬಿಟ್ಟ ಹೇಡಿ ಎಂಬುದು ಅವನ ಮೇಲಿನ ಆರೋಪ. ಸಾಬೀತಾದರೆ ಎಲ್ಲರೆದುರು ಅವನ ಕತ್ತಿ ಮುರಿದು ರಾಟರ್‌ಡ್ಯಾಮಿನಿಂದ ಹೊರಗಟ್ಟುತ್ತಾರೆ. ಸಾಕ್ಷಿ ಒಬ್ಬನೇ, ಕಪ್ತಾನ ಬಾರೆಂಟ್.

ಆ ಬಾರೆಂಟ್ ಈಗ ನನ್ನ ಚಿತ್ರಶಾಲೆಯಲ್ಲೇ ಕೂತು, ನನ್ನ ಹೆಂಡತಿ ಗ್ರೀಟ್ ಬೇಯಿಸಿದ ಚಿಪ್ಪುಮೀನು ತಿನ್ನುತ್ತಿದ್ದ. ಪುರಭವನಕ್ಕೆಂದು ನಾನು ಅದೇ ಕದನದ ದೊಡ್ಡ ಚಿತ್ರ ಬರೆಯುತ್ತಿದ್ದೆ. ಬಣ್ಣ ಹಚ್ಚುವ ಮೊದಲು ಯಾರ ಹಡಗು ಎಲ್ಲಿತ್ತೆಂದು ಕಾದಾಡಿದವರನ್ನೇ ಕರೆದು ಕೇಳುವುದು ನಮ್ಮ ರೂಢಿ. ತಪ್ಪಿದರೆ ಬಂದರಿನಲ್ಲಿ ಮೂಟೆ ಹೊರುವವರೂ ನಗುತ್ತಾರೆ. ಮಂಡಳಿಯ ಹಿರಿಯ ಆಡ್ರಿಯಾನ್ ಕೂಡ ಬಂದು, ಕಿಟಕಿಯ ಪಕ್ಕ ಹೊಗೆಸೊಪ್ಪಿನ ಕೊಳವೆ ಸೇದುತ್ತಿದ್ದರು.

ಬಾರೆಂಟ್ ಖಾಲಿ ಚಿಪ್ಪುಗಳನ್ನೇ ಮೇಜಿನ ಮೇಲೆ ಹಡಗುಗಳಂತೆ ಜೋಡಿಸಿದ.

"ಇದು ಇಂಗ್ಲಿಷರ ದೊಡ್ಡ ಹಡಗು. ಕಿಟಕಿ ಕಡೆಯಿಂದ ಗಾಳಿ. ಅದರ ಆಚೆ ಮಗ್ಗುಲಿಗೆ, ಗಾಳಿ ಹೋಗೋ ಕಡೆ, ಮೂಗಿಗೆ ಮೂಗು ತಾಗೋ ಹಂಗೆ, ನಾನು! ಚಿತ್ರದಲ್ಲಿ ನನ್ನನ್ನ ಇಲ್ಲೇ ಹಾಕ್ಬೇಕು, ಗೊತ್ತಾಯ್ತಾ ಚಿತ್ರಗಾರ್ರೆ?"

"ಮತ್ತೆ ನನ್ನ ತಮ್ಮ?" ಗ್ರೀಟ್ ತಟ್ಟೆಯನ್ನು ಕುಕ್ಕಿದಳು.

ಬಾರೆಂಟ್ ಒಂದು ಚಿಪ್ಪನ್ನು ಕಿಟಕಿಯ ಕಡೆಗೆ, ಮೇಜಿನ ಅಂಚಿಗೆ ತಳ್ಳಿದ. "ಅಲ್ಲಿ. ಕಿಂಡಿ ಒಂದೂ ತೆರೆದಿರ್ಲಿಲ್ಲ ಅಮ್ಮ. ಕಣ್ಣಾರೆ ನೋಡಿದೀನಿ. ನಿನ್ನ ಅಡುಗೆ ಚೆನ್ನಾಗಿದೆ, ನಿನ್ನ ತಮ್ಮನ ಬಗ್ಗೆ ಅದನ್ನ ಹೇಳಕ್ಕಾಗಲ್ಲ."

ಗ್ರೀಟಳ ಮುಖ ಕೆಂಪಾಯಿತು. ನಾನು ಇದ್ದಿಲು ಹಿಡಿದು ಅವನ ಹಡಗಿನ ಗೆರೆ ಎಳೆಯತೊಡಗಿದೆ. ಹಡಗಾದ ಮೇಲೆ ಹಾಯಿ, ಹಾಯಿಯ ಮೇಲೆ ಬಾವುಟ, ಬಾವುಟದ ಮೇಲೆ ಗಾಳಿಯ ದಿಕ್ಕು. ಆ ಗಾಳಿಗೆ ಇಂಗ್ಲಿಷರ ತೋಪಿನ ಹೊಗೆ ಎತ್ತ ಹೋಗಬೇಕು? ನೇರ ಬಾರೆಂಟನ ಮೇಲೆಯೇ. ಕೈ ನಿಂತಿತು.

"ಹಿರಿಯರೆ, ಒಂದು ದಮ್ಮು ಜೋರಾಗಿ ಎಳೆದು ಈ ದೊಡ್ಡ ಚಿಪ್ಪಿನ ಮೇಲೆ ಬಿಡಿ. ಕಪ್ತಾನ್ರೆ, ನೀವು ಬಗ್ಗಿ. ಕಣ್ಣು ನಿಮ್ಮ ಚಿಪ್ಪಿನ ಮಟ್ಟಕ್ಕೆ ಬರ್ಲಿ" ಎಂದೆ.

"ಇದೇನು ಮಕ್ಕಳಾಟ?"

"ಬಗ್ಗಪ್ಪ, ಸೊಂಟ ಏನೂ ಮುರಿಯಲ್ಲ" ಎಂದರು ಆಡ್ರಿಯಾನ್, ಕೆನ್ನೆ ಉಬ್ಬಿಸುತ್ತ.

ಬಾರೆಂಟ್ ಬಗ್ಗಿದ. ಹೊಗೆ ಚಿಪ್ಪುಗಳ ಮೇಲೆ ಹರಡಿ ಅವನ ಮೀಸೆಗೇ ನುಗ್ಗಿತು. ಕೆಮ್ಮಿದ.

"ಕಿಟಕಿ ಕಡೆಯ ಚಿಪ್ಪು ಕಾಣ್ತಿದೆಯಾ?" ಎಂದೆ.

"ಹೊಗೆ ಮೇಲೆ ಹಾಯಿಕಂಬ ಕಾಣತ್ತೆ! ಅವನ ಬಾವುಟ ಕಾಣತ್ತೆ!"

"ಕಂಬ ಕಾಣ್ಲಿ. ಕಿಂಡಿ ಇರೋದು ನೀರಿನ ಹತ್ತಿರ ಅಲ್ವಾ?"

ಆಡ್ರಿಯಾನ್ ಕೊಳವೆಯ ತುದಿಯಿಂದ ಬಾರೆಂಟನ ಚಿಪ್ಪನ್ನು ತಟ್ಟಿದರು. "ಕಿಂಡಿ ನೋಡ್ಬೇಕಾದ್ರೆ ನೀನೂ ಕಿಟಕಿ ಕಡೆ, ದೂರದಲ್ಲಿ ಇರ್ಬೇಕಿತ್ತು. ಆ ಹೇಡಿ ಪಕ್ಕದಲ್ಲೇ. ಈಗಲೇ ಹೇಳು, ನಾನು ಬರೆಸ್ಕೋತೀನಿ. ನಿನ್ನ ಚಿಪ್ಪನ್ನ ಅಲ್ಲಿಗೆ ಸರಿಸ್ತೀಯಾ, ಇಲ್ಲೇ ಬಿಡ್ತೀಯಾ?"

ಬಾರೆಂಟನ ಬೆರಳು ಚಿಪ್ಪಿನ ಮೇಲಿತ್ತು. ಅವನು ಒಮ್ಮೆ ನನ್ನ ಚಿತ್ರಪಟವನ್ನು ನೋಡಿದ. ಇಂಗ್ಲಿಷರ ಹಡಗಿನ ಪಕ್ಕ, ನಡುಮಧ್ಯದಲ್ಲಿ, ಅವನ ಹಡಗಿನ ಅರ್ಧ ಗೆರೆ ಎದ್ದಿತ್ತು. ನೂರು ವರ್ಷ ಪುರಭವನದ ಗೋಡೆಯ ಮೇಲಿರುವ ಜಾಗ ಅದು.

"ಇಲ್ಲೇ" ಎಂದ, ತಲೆ ತಗ್ಗಿಸಿ.

"ಹಾಗಾದ್ರೆ ನಾಳೆ ಸಾಕ್ಷಿಗೆ ಬರೋ ತೊಂದರೆ ತಗೋಬೇಡ" ಎಂದರು ಆಡ್ರಿಯಾನ್.

ಗ್ರೀಟ್ ಕೈ ಒರೆಸಿಕೊಳ್ಳುವುದನ್ನೂ ಮರೆತು ತಮ್ಮನ ಮನೆಗೆ ಓಡಿದಳು. ಅವಳ ಮರದ ಮೆಟ್ಟುಗಳ ಸದ್ದು ಕಾಲುವೆಯ ಉದ್ದಕ್ಕೂ ಕೇಳಿಸಿತು.

ಯೋರಿಸ್ ನಿಜವಾಗಿ ಎಲ್ಲಿದ್ದ, ಕಿಂಡಿ ತೆರೆದಿದ್ದನೋ ಇಲ್ಲವೋ, ನಾನು ಕಂಡವನಲ್ಲ. ಅವನ ಹಡಗು ಬರಬೇಕಾದ ಕಡೆ ಕಂಬಗಳನ್ನೂ ಬಾವುಟವನ್ನೂ ಬರೆದೆ. ಕೆಳಗೆ, ಕಿಂಡಿಗಳಿರಬೇಕಾದ ಕಡೆ, ದಟ್ಟವಾಗಿ ಹೊಗೆ ತುಂಬಿಸಿದೆ.